ಆಟ ಮುಗಿದ ಮೇಲಿನ ಪಾತ್ರ

1991ರಲ್ಲಿ ತೆಲುಗಿನಲ್ಲಿ ಒಂದು ಸಿನಿಮಾ ಬಂತು. ಚಿತ್ರದ ಹೆಸರು ‘ಅಶ್ವಿನಿ’, ನಾಯಕಿಯ ಹೆಸರೂ ಅಶ್ವಿನಿ. ನಿರ್ಮಾಪಕರು ರಾಮೋಜಿರಾವ್, ನಿರ್ದೇಶಕರು ಮೌಳಿ, ಜೊತೆಗಿದ್ದ ನಟ ಭಾನುಚಂದರ್. ಇವರೆಲ್ಲ ಸಿನಿಮಾದವರೇ. ನಾಯಕಿ ಮಾತ್ರ ಟ್ರ್ಯಾಕಿನಿಂದ ನೇರವಾಗಿ ಸೆಟ್ಟಿಗೆ ಬಂದವರು. ಕೊಡಗಿನ ಅಶ್ವಿನಿ ನಾಚಪ್ಪ ಅಷ್ಟು ಹೊತ್ತಿಗೆ ಪಿ.ಟಿ. ಉಷಾ ಅವರನ್ನೇ ಹಿಂದೆ ಹಾಕಿ ದೇಶದ ಕಣ್ಣಿಗೆ ಬಿದ್ದಿದ್ದ ಓಟಗಾರ್ತಿ. 1988ರಲ್ಲಿ ಅರ್ಜುನ ಪ್ರಶಸ್ತಿ ಬಂದಿತ್ತು. ಪತ್ರಿಕೆಗಳು ಅವರನ್ನು ‘ಭಾರತದ ಫ್ಲೋ-ಜೋ’ ಎಂದು ಕರೆಯುತ್ತಿದ್ದವು. ಮೊದಲ ಚಿತ್ರಕ್ಕೇ ಆಂಧ್ರ ಸರ್ಕಾರದ ನಂದಿ ವಿಶೇಷ ಜ್ಯೂರಿ ಪ್ರಶಸ್ತಿಯೂ ಸಿಕ್ಕಿತು.

ಮೂವತ್ತು ವರ್ಷಕ್ಕೂ ಹಳೆಯ ಈ ಸಂಗತಿಯನ್ನು ಈಗ ಎತ್ತಲು ಕಾರಣವಿದೆ. ನಮ್ಮ ವಸ್ತಾರೆ, ಆಲ್ದೂರು, ಮೂಡಿಗೆರೆ, ಕಳಸದ ಕಡೆಯ ಮಕ್ಕಳ ಮೊಬೈಲಿನಲ್ಲಿ ಈಗ ಫಿಗರ್ ಸ್ಕೇಟಿಂಗಿನ ರೀಲ್‌ಗಳು ಓಡುತ್ತಿರುತ್ತವೆ. ಐಸ್‌ಕ್ಯಾಂಡಿ ಬಿಟ್ಟರೆ ಮಂಜುಗಡ್ಡೆಯ ಪರಿಚಯವೇ ಇಲ್ಲದ ಸೀಮೆ ನಮ್ಮದು. ಆದರೂ ಮಿರುಗುವ ಬಟ್ಟೆ ತೊಟ್ಟು, ಹಾಡಿಗೆ ತಕ್ಕಂತೆ ಜಾರುತ್ತ, ಮುಖದಲ್ಲಿ ಅಳು-ನಗು ತಂದುಕೊಳ್ಳುವ ಹುಡುಗಿಯರನ್ನು ನೋಡಿ ಮಕ್ಕಳು ಕೇಳುತ್ತಾರೆ: ಇವರು ಆಟಗಾರ್ತಿಯರಾ, ನಟಿಯರಾ? ರಜೆಯಲ್ಲಿ ಮಕ್ಕಳನ್ನು ಪೇಟೆಯ ಸ್ಕೇಟಿಂಗ್ ಕ್ಲಾಸಿಗೆ ಸೇರಿಸುವ ಅಪ್ಪ-ಅಮ್ಮಂದಿರ ಪ್ರಶ್ನೆ ಇನ್ನೊಂದು: ಇದರಿಂದ ಮುಂದೆ ಟಿ.ವಿ., ಸಿನಿಮಾಕ್ಕೆ ಏನಾದರೂ ದಾರಿಯಾಗುತ್ತಾ?

ಎರಡೂ ಒಳ್ಳೆಯ ಪ್ರಶ್ನೆಗಳು. ಆಟದಿಂದ ನಟನೆಗೆ ದಾಟಿದವರ ಬದುಕನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತಾವು ಆಡಿದ ಆಟವನ್ನೇ ಪರದೆಯ ಮೇಲೆ ಮಾರಿದವರ ಸಿನಿಮಾ ಬಾಳಿಕೆ ಕಡಿಮೆ. ಆಟ ಕಲಿಸಿದ ದುಡಿಮೆಯನ್ನು ಉಳಿಸಿಕೊಂಡು, ನಟನೆಯನ್ನು ಅ ಆ ಇ ಈಯಿಂದ ಕಲಿತವರು ಹೆಚ್ಚು ಕಾಲ ನಿಂತರು. ಇದು ಯಾಕೆ ಹೀಗೆ ಎಂದು ತಿಳಿಯಲು ಫಿಗರ್ ಸ್ಕೇಟಿಂಗಿಗಿಂತ ಒಳ್ಳೆಯ ಉದಾಹರಣೆ ಇಲ್ಲ, ಯಾಕೆಂದರೆ ಅಲ್ಲಿ ಅರ್ಧ ನಟನೆ ಆಟದ ಒಳಗೇ ಇದೆ.

ಮೊದಲು ಆಟವನ್ನೇ ನೋಡೋಣ. ಬೂಟಿನ ಅಡಿಗೆ ಕೆಲವೇ ಮಿಲಿಮೀಟರ್ ದಪ್ಪದ ಉಕ್ಕಿನ ಅಲಗು. ಆ ಅಲಗಿಗೂ ಎರಡು ಅಂಚು, ಒಳಗಿನದು ಮತ್ತು ಹೊರಗಿನದು. ಯಾವ ಅಂಚಿನಿಂದ ಚಿಮ್ಮಿದಿರಿ ಎಂಬುದರ ಮೇಲೆ ಜಿಗಿತದ ಹೆಸರೂ ಬೆಲೆಯೂ ನಿರ್ಧಾರವಾಗುತ್ತದೆ. ಆಕ್ಸೆಲ್ ಎಂಬ ಜಿಗಿತವನ್ನೇ ತೆಗೆದುಕೊಳ್ಳಿ. 1882ರಲ್ಲಿ ಅದನ್ನು ಮೊದಲು ಮಾಡಿ ತೋರಿಸಿದ ನಾರ್ವೆಯ ಆಕ್ಸೆಲ್ ಪಾಲ್ಸನ್ ಎಂಬಾತನ ಹೆಸರು ಅದಕ್ಕೆ ಉಳಿದಿದೆ. ಮುಮ್ಮುಖವಾಗಿ ಜಿಗಿದು ಹಿಮ್ಮುಖವಾಗಿ ಇಳಿಯಬೇಕು. ಹಾಗಾಗಿ ಮೂರು ಸುತ್ತಿನ ಆಕ್ಸೆಲ್ ಎಂದರೆ ಗಾಳಿಯಲ್ಲಿ ಮೂರೂವರೆ ಸುತ್ತು. ಅಷ್ಟನ್ನೂ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಸಬೇಕು. ಇಳಿಯುವಾಗ ಮೈತೂಕದ ಹಲವು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಆ ಗಳಿಗೆಯಲ್ಲಿ ಹುಬ್ಬು ಗಂಟಿಕ್ಕುವಂತಿಲ್ಲ, ಹಲ್ಲು ಕಚ್ಚುವಂತಿಲ್ಲ. ಕೈಬೆರಳ ತುದಿ ಕೂಡ ಹಾಡಿನ ಜೊತೆಗೇ ಇರಬೇಕು. ಬಿದ್ದರೆ ಒಂದು ಅಂಕ ನೇರವಾಗಿ ಹೋಯಿತು, ಆ ಜಿಗಿತದ ಗುಣಮಟ್ಟದ ಅಂಕವೂ ಹೋಯಿತು. ಆದರೂ ತಕ್ಷಣ ಎದ್ದು, ಏನೂ ಆಗಿಲ್ಲವೆಂಬಂತೆ ಹಾಡಿನ ಮುಂದಿನ ಸಾಲಿಗೆ ಸೇರಿಕೊಳ್ಳಬೇಕು. ದೀರ್ಘ ಸುತ್ತಿನಲ್ಲಿ ಹೀಗೆ ನಾಲ್ಕು ನಿಮಿಷ.

ನಮ್ಮ ಶಾಲೆಗಳಲ್ಲಿ ಆಟಕ್ಕೂ ಅಭಿನಯಕ್ಕೂ ಬೇರೆ ಬೇರೆ ದಿನ. ಮಳೆ ಪೂರ್ತಿ ಬಿಡುವ ಮೊದಲೇ ಹೋಬಳಿ ಮಟ್ಟದ ಕ್ರೀಡಾಕೂಟ. ಅಲ್ಲಿ ಸ್ಟಾಪ್‌ವಾಚು, ಅಳತೆ ಪಟ್ಟಿಯದೇ ತೀರ್ಪು. ಇನ್ನೊಂದು ದಿನ ಪ್ರತಿಭಾ ಕಾರಂಜಿ. ಅಲ್ಲಿ ಮೇಜಿನ ಹಿಂದೆ ಕೂತ ಮೂವರು ಮೇಷ್ಟ್ರುಗಳ ತೀರ್ಪು. ಈ ಎರಡನ್ನೂ ಒಟ್ಟಿಗೆ ಸೇರಿಸಿ, ನಾಲ್ಕು ನಿಮಿಷಕ್ಕೆ ಇಳಿಸಿ, ಜಾರುವ ನೆಲದ ಮೇಲೆ ಮಾಡಿಸಿದರೆ ಅದು ಫಿಗರ್ ಸ್ಕೇಟಿಂಗ್.

ಹಾಗಾಗಿ ಅಲ್ಲಿ ಅಂಕದ ಜಗಳ ಮುಗಿದದ್ದೇ ಇಲ್ಲ. ಹಳೆಯ ಪದ್ಧತಿಯಲ್ಲಿ ಪ್ರತಿ ತೀರ್ಪುಗಾರರೂ 6ಕ್ಕೆ ಎರಡು ಅಂಕ ಕೊಡುತ್ತಿದ್ದರು. ಒಂದು ಕೌಶಲಕ್ಕೆ, ಇನ್ನೊಂದು ಕಲೆಗೆ. 2002ರ ಸಾಲ್ಟ್‌ಲೇಕ್ ಸಿಟಿ ಒಲಿಂಪಿಕ್ಸ್‌ನ ಜೋಡಿ ಸ್ಪರ್ಧೆಯಲ್ಲಿ ಫ್ರಾನ್ಸಿನ ತೀರ್ಪುಗಾರ್ತಿಯೊಬ್ಬರ ಮೇಲೆ ಒಳಒಪ್ಪಂದದ ಆರೋಪ ಬಂದು, ಕೊನೆಗೆ ರಷ್ಯಾದ ಜೋಡಿಯ ಜೊತೆಗೆ ಕೆನಡಾದ ಜೋಡಿಗೂ ಚಿನ್ನ ಕೊಡಬೇಕಾಯಿತು. ಆ ರಂಪದ ನಂತರ ಪದ್ಧತಿಯೇ ಬದಲಾಯಿತು. ಈಗ ಪ್ರತಿ ಜಿಗಿತ, ಪ್ರತಿ ತಿರುಗಾಟಕ್ಕೆ ಮೂಲಬೆಲೆ ಉಂಟು. ಅದನ್ನು ಎಷ್ಟು ಚೆನ್ನಾಗಿ ಮಾಡಿದರು ಎಂಬುದಕ್ಕೆ ಕಳೆಯುವುದು ಅಥವಾ ಕೂಡಿಸುವುದು. ಇದರ ಮೇಲೆ ರಚನೆ, ಪ್ರಸ್ತುತಿ, ಜಾರುವ ಕೌಶಲ ಎಂಬ ಮೂರು ಬಾಬಿನಲ್ಲಿ ಬೇರೆ ಅಂಕ. ಎಷ್ಟೇ ಲೆಕ್ಕ ಹಾಕಿದರೂ ‘ಪ್ರಸ್ತುತಿ’ ಎಂಬುದು ನೋಡುವವರ ಕಣ್ಣಿನಲ್ಲಿರುವ ಸಂಗತಿ. ಆ ಕಣ್ಣನ್ನು ಗೆಲ್ಲುವುದನ್ನು ಐದಾರನೇ ವಯಸ್ಸಿನಿಂದಲೇ ಕಲಿತವರು ಕ್ಯಾಮೆರಾದ ಕಣ್ಣಿಗೂ ಒಲಿಯುತ್ತಾರೆ ಎಂದು ಹಾಲಿವುಡ್ ಲೆಕ್ಕ ಹಾಕಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ಲೆಕ್ಕವನ್ನು ಮೊದಲು ದುಡ್ಡು ಮಾಡಿ ತೋರಿಸಿದವರು ನಾರ್ವೆಯ ಸೋನ್ಯಾ ಹೆನಿ. 1912ರಲ್ಲಿ ಈಗಿನ ಓಸ್ಲೋದಲ್ಲಿ ಹುಟ್ಟಿದವರು. ಅಪ್ಪ ವಿಲ್ಹೆಲ್ಮ್ ತುಪ್ಪಳದ ವ್ಯಾಪಾರಿ, ಕೈ ತುಂಬ ಕಾಸಿದ್ದವರು. 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ಚಳಿಗಾಲದ ಮೊದಲ ಒಲಿಂಪಿಕ್ಸ್ ನಡೆದಾಗ ಹೆನಿಗೆ 11 ವರ್ಷ. ಕಣದಲ್ಲಿದ್ದದ್ದು ಎಂಟು ಜನ; ಆಕೆ ಎಂಟನೆಯವಳು. ಸ್ಪರ್ಧೆಯ ನಡುವೆಯೇ ಅಂಚಿಗೆ ಜಾರಿ ಬಂದು, ಮುಂದೇನು ಮಾಡಬೇಕೆಂದು ಕೋಚನ್ನು ಕೇಳಿ ಹೋಗುತ್ತಿದ್ದಳಂತೆ. ನಾಲ್ಕೇ ವರ್ಷದಲ್ಲಿ ಸೇಂಟ್ ಮೊರಿಟ್ಜ್‌ನಲ್ಲಿ ಚಿನ್ನ. 1932ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ, 1936ರಲ್ಲಿ ಗಾರ್ಮಿಶ್-ಪಾರ್ಟೆನ್‌ಕಿರ್ಷೆನ್‌ನಲ್ಲಿ ಮತ್ತೆ ಚಿನ್ನ. 1927ರಿಂದ 1936ರವರೆಗೆ ಸತತ ಹತ್ತು ವಿಶ್ವ ಕಿರೀಟ. ಬ್ಯಾಲೆ ನೃತ್ಯದ ಹೆಜ್ಜೆಗಳನ್ನು ಮಂಜುಗಡ್ಡೆಗೆ ತಂದದ್ದು, ಗಿಡ್ಡ ಲಂಗ, ಬಿಳಿ ಬೂಟು ತೊಟ್ಟು ಈ ಆಟದ ಚಹರೆಯನ್ನೇ ಬದಲಿಸಿದ್ದು ಆಕೆ.

ಆದರೆ ಅಂದಿನ ಒಲಿಂಪಿಕ್ಸ್‌ನಲ್ಲಿ ಹವ್ಯಾಸಿ ನಿಯಮ ಬಿಗಿಯಾಗಿತ್ತು. ಆಟದಿಂದ ದುಡ್ಡು ಮುಟ್ಟಿದರೆ ಸ್ಪರ್ಧೆಯ ಬಾಗಿಲು ಮುಚ್ಚಿದಂತೆ. ಮೂರನೇ ಚಿನ್ನ ಕೊರಳಿಗೆ ಬಿದ್ದದ್ದೇ ಹೆನಿ ಆ ಬಾಗಿಲನ್ನು ತಾನೇ ಮುಚ್ಚಿಕೊಂಡು ಅಮೆರಿಕಕ್ಕೆ ಹೋದರು. ಲಾಸ್ ಏಂಜಲೀಸ್‌ನಲ್ಲಿ ಸ್ಕೇಟಿಂಗ್ ಪ್ರದರ್ಶನ ಏರ್ಪಡಿಸಿ, ಸಿನಿಮಾ ದೊರೆಗಳು ತಾವಾಗಿ ಬಂದು ನೋಡುವಂತೆ ಮಾಡಿದರು. ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನ ಡ್ಯಾರಿಲ್ ಜಾನುಕ್ ಕರಾರು ಬರೆಸಿದರು. 1936 ಮುಗಿಯುವ ಹೊತ್ತಿಗೆ ‘ಒನ್ ಇನ್ ಎ ಮಿಲಿಯನ್’ ತೆರೆಗೆ ಬಂತು. ಫೆಬ್ರುವರಿಯಲ್ಲಿ ಒಲಿಂಪಿಕ್ ಚಿನ್ನ, ಡಿಸೆಂಬರಿನಲ್ಲಿ ಹಾಲಿವುಡ್ ನಾಯಕಿ!

ಆ ಚಿತ್ರದಲ್ಲಿ ಆಕೆಯ ಪಾತ್ರ ಯಾವುದು? ಒಲಿಂಪಿಕ್ಸ್‌ಗೆ ಸಜ್ಜಾಗುವ ಸ್ಕೇಟಿಂಗ್ ಹುಡುಗಿ. ಮುಂದಿನ ಚಿತ್ರಗಳಲ್ಲೂ ಕಥೆ ಎಲ್ಲಿಂದ ಶುರುವಾದರೂ ಕೊನೆಗೆ ರಿಂಕಿಗೇ ಬಂದು ಮುಟ್ಟುತ್ತಿತ್ತು. 1941ರ ‘ಸನ್ ವ್ಯಾಲಿ ಸೆರೆನೇಡ್’ನಲ್ಲಿ ಯುದ್ಧದಿಂದ ಓಡಿಬಂದ ನಾರ್ವೆಯ ನಿರಾಶ್ರಿತೆ, ಗ್ಲೆನ್ ಮಿಲ್ಲರ್ ವಾದ್ಯವೃಂದ, ಹಿಮದ ಬೆಟ್ಟ, ಮತ್ತೆ ಸ್ಕೇಟಿಂಗ್. ಜನ ಮುಗಿಬಿದ್ದು ನೋಡಿದರು. ಮೂವತ್ತರ ದಶಕದ ಕೊನೆಗೆ ಹಾಲಿವುಡ್‌ನಲ್ಲಿ ಅತಿ ಹೆಚ್ಚು ದುಡಿಯುವ ತಾರೆಯರ ಸಾಲಿನಲ್ಲಿ ಆಕೆಯ ಹೆಸರಿತ್ತು. ಆದರೆ ಜನ ಟಿಕೆಟ್ ಕೊಂಡದ್ದು ಸ್ಕೇಟಿಂಗಿಗೆ. ನಲವತ್ತರ ದಶಕ ಮುಗಿಯುವಷ್ಟರಲ್ಲಿ ಆ ಹೊಸತನ ಸವೆದಿತ್ತು, ಸಿನಿಮಾವೂ ಹೆಚ್ಚುಕಡಿಮೆ ನಿಂತಿತ್ತು. ಹೆನಿಯ ಜಾಣತನವೆಂದರೆ ಸಿನಿಮಾವನ್ನೇ ನೆಚ್ಚಿ ಕೂರದೆ ತಮ್ಮದೇ ಐಸ್ ಷೋ ಕಟ್ಟಿಕೊಂಡು ಊರೂರು ಸುತ್ತಿ, ಸಿನಿಮಾದ ಹೆಸರನ್ನು ಷೋಗೆ, ಷೋದ ಹೆಸರನ್ನು ಸಿನಿಮಾಕ್ಕೆ ಬಳಸಿಕೊಂಡದ್ದು. ದೊಡ್ಡ ಶ್ರೀಮಂತೆಯಾದರು. ಬರ್ಲಿನ್ನಿನಲ್ಲಿ ಹಿಟ್ಲರನಿಗೆ ನಾಜಿ ಸೆಲ್ಯೂಟ್ ಹೊಡೆದದ್ದನ್ನು ಮಾತ್ರ ತವರಿನ ಜನ ಬಹುಕಾಲ ಕ್ಷಮಿಸಲಿಲ್ಲ. 1968ರಲ್ಲಿ ಗಂಡ ನೀಲ್ಸ್ ಊನ್‌ಸ್ತಾ ಜೊತೆ ಸೇರಿ ಓಸ್ಲೋ ಹತ್ತಿರ ಆಧುನಿಕ ಕಲೆಯ ಕೇಂದ್ರವೊಂದನ್ನು ಕಟ್ಟಿಕೊಟ್ಟರು. ಮರುವರ್ಷ, 57ರ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು.

ಹೆನಿಯ ದುಡ್ಡು ಕಂಡ ಬೇರೆ ಸ್ಟುಡಿಯೋಗಳು ಸುಮ್ಮನೆ ಕೂರಲಿಲ್ಲ. 1936ರ ಒಲಿಂಪಿಕ್ಸ್‌ನಲ್ಲೇ ಸ್ಪರ್ಧಿಸಿದ್ದ ಬ್ರಿಟನ್ನಿನ ಬೆಲಿಟಾ, ಚೆಕ್ ದೇಶದ ವೆರಾ ಹ್ರುಬಾ ಇಬ್ಬರೂ ಹಾಲಿವುಡ್ ಸೇರಿದರು. ವೆರಾ ಅವರನ್ನು ರಿಪಬ್ಲಿಕ್ ಪಿಕ್ಚರ್ಸ್‌ನ ಯಜಮಾನ ಹರ್ಬರ್ಟ್ ಯೇಟ್ಸ್ ಒಂದರ ಹಿಂದೊಂದು ಚಿತ್ರಕ್ಕೆ ನಾಯಕಿ ಮಾಡಿದರು, ಆಮೇಲೆ ಮದುವೆಯನ್ನೂ ಆದರು. ಪ್ರೇಕ್ಷಕರು ಮಾತ್ರ ಒಪ್ಪಲಿಲ್ಲ. ಸ್ಟುಡಿಯೋ ಯಜಮಾನನ ಒಲವು ಪಾತ್ರ ಕೊಡಿಸಬಹುದು, ನಟನೆ ಕೊಡಿಸಲಾರದು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಲಿನ್-ಹಾಲಿ ಜಾನ್ಸನ್ ಎಂಬ ಸ್ಕೇಟರ್ ‘ಐಸ್ ಕ್ಯಾಸಲ್ಸ್’ ಚಿತ್ರದಲ್ಲಿ ಕಣ್ಣು ಕಳೆದುಕೊಂಡ ಸ್ಕೇಟರ್ ಆಗಿ ಮೆಚ್ಚುಗೆ ಪಡೆದರು. 1981ರಲ್ಲಿ ಜೇಮ್ಸ್ ಬಾಂಡ್ ಚಿತ್ರ ‘ಫಾರ್ ಯುವರ್ ಐಸ್ ಓನ್ಲಿ’ಗೆ ಕರೆ ಬಂತು. ಅಲ್ಲೂ ಸಿಕ್ಕಿದ್ದು ಸ್ಕೇಟರ್ ಪಾತ್ರವೇ. ಅಂಥ ಪಾತ್ರ ಜಗತ್ತಿನಲ್ಲಿ ಎಷ್ಟು ತಾನೇ ಬರೆಯುತ್ತಾರೆ?

ಇದು ಸ್ಕೇಟಿಂಗ್ ಒಂದರ ಕಥೆಯಲ್ಲ. ಈಜಿನಲ್ಲಿ ಐದು ಒಲಿಂಪಿಕ್ ಚಿನ್ನ ಗೆದ್ದ ಜಾನಿ ವೈಸ್‌ಮುಲ್ಲರ್ 1932ರಿಂದ 1948ರವರೆಗೆ ಹನ್ನೆರಡು ಚಿತ್ರಗಳಲ್ಲಿ ಟಾರ್ಜನ್ ಆದರು. ಮಾತು ಕಡಿಮೆ, ಮೈಕಟ್ಟು ಹೆಚ್ಚು ಬೇಡುವ ಪಾತ್ರ ಅದು. ನಮ್ಮ ದೇಶದ ದಾರಾ ಸಿಂಗ್ ಅರವತ್ತರ ದಶಕದಲ್ಲಿ ‘ಕಿಂಗ್ ಕಾಂಗ್’ನಂಥ ಚಿತ್ರಗಳಲ್ಲಿ ಕುಸ್ತಿಯ ಮೈ ತೋರಿಸಿಯೇ ಗೆದ್ದರು. ಆದರೆ ಇವತ್ತಿಗೂ ಮನೆಮನೆಯಲ್ಲಿ ಅವರನ್ನು ನೆನೆಯುವುದು 1987ರಲ್ಲಿ ಶುರುವಾದ ‘ರಾಮಾಯಣ’ ಧಾರಾವಾಹಿಯ ಹನುಮಂತನಾಗಿ. ಆಗ ಅವರಿಗೆ ಅರವತ್ತರ ಹತ್ತಿರ. ಕುಸ್ತಿಯ ಪಟ್ಟು ಅಲ್ಲಿ ಕೆಲಸಕ್ಕೆ ಬಂದದ್ದು ಅಷ್ಟಕ್ಕಷ್ಟೆ. ಭಕ್ತಿ, ವಿನಯ, ಕಣ್ಣೀರು ಬೇಕಿತ್ತು.

ಹಾಗಾದರೆ ಆಟದಿಂದ ನಟನೆಗೆ ಏನು ದಾಟುತ್ತದೆ, ಏನು ದಾಟುವುದಿಲ್ಲ? ದಾಟುವುದು ಸಾಕಷ್ಟಿದೆ. ಸೆಟ್ಟಿನಲ್ಲಿ ನಟಿ ಇಲ್ಲಿಂದ ನಡೆದು ಅಲ್ಲೇ ನಿಲ್ಲಬೇಕು ಎಂದು ನೆಲದ ಮೇಲೆ ಗುರುತು ಹಾಕಿರುತ್ತಾರೆ. ಅರ್ಧ ಅಡಿ ಹೆಚ್ಚುಕಡಿಮೆಯಾದರೆ ಫೋಕಸ್ ಹೋಯಿತು, ಲೈಟು ತಪ್ಪಿತು. ಕೆಳಗೆ ನೋಡದೆ ಗುರುತಿನ ಮೇಲೆ ನಿಲ್ಲುವುದು ಕ್ರೀಡಾಪಟುವಿಗೆ ಕಷ್ಟವೇ ಅಲ್ಲ. ಹದಿನೈದನೇ ಟೇಕಿಗೂ ಮೊದಲನೇ ಟೇಕಿನ ಕಸುವು ಇಟ್ಟುಕೊಳ್ಳುವುದು, ನಾಲ್ಕು ಜನರ ಎದುರು ‘ಇದು ಸರಿಯಿಲ್ಲ, ಮತ್ತೆ ಮಾಡು’ ಎಂದಾಗ ಮುಖ ಸಣ್ಣಗೆ ಮಾಡಿಕೊಳ್ಳದಿರುವುದು, ಬೆಳಗಿನ ಜಾವದ ಕಾಲ್‌ಶೀಟಿಗೆ ಹೊತ್ತಿಗೆ ಸರಿಯಾಗಿ ಹಾಜರಾಗುವುದು, ಇವೆಲ್ಲ ಮೈದಾನದ ಬಳುವಳಿ.

ದಾಟದಿರುವುದು ಎರಡು. ಒಂದು ದನಿ. ಓಟ, ಈಜು, ಸ್ಕೇಟಿಂಗ್ ಎಲ್ಲ ಮೂಕ ಕಲೆಗಳು. ಹದಿನೈದು ವರ್ಷ ಕಾಲನ್ನು ಪಳಗಿಸಿದವರು ನಾಲಗೆಯನ್ನು ಒಂದು ದಿನವೂ ಪಳಗಿಸಿರುವುದಿಲ್ಲ. ಇನ್ನೊಂದು ಇದಕ್ಕಿಂತ ಗಟ್ಟಿಯಾದ ತೊಡಕು. ನೋವನ್ನು, ಹೆದರಿಕೆಯನ್ನು, ದಣಿವನ್ನು ಎದುರಾಳಿಗೆ ತೋರಿಸಬೇಡ ಎಂದು ಆಟ ಕಲಿಸುತ್ತದೆ. ಅದನ್ನೇ ತೋರಿಸು ಎಂದು ನಟನೆ ಕೇಳುತ್ತದೆ. ಮುಚ್ಚಿಡುವುದರಲ್ಲಿ ಪದಕ ಗೆದ್ದವರಿಗೆ ಬಿಚ್ಚಿಡುವುದು ಸುಲಭವಲ್ಲ. ಮಾಜಿ ಕ್ರೀಡಾಪಟುಗಳ ನಟನೆಯಲ್ಲಿ ಮೈ ಹಗುರವಾಗಿದ್ದರೂ ಮುಖ ಮರಗಟ್ಟಿದಂತೆ ಕಾಣುವುದು ಇದರಿಂದಲೇ.

ಇನ್ನು ನಮ್ಮಲ್ಲಿಗೆ ಬರೋಣ. ಭಾರತದಲ್ಲಿ ಐಸ್ ಸ್ಕೇಟಿಂಗ್ ಎಂದರೆ ಶಿಮ್ಲಾದ ಹಳೆಯ ರಿಂಕು, ಲೇಹ್, ಗುಲ್ಮಾರ್ಗ್‌ನ ಚಳಿಗಾಲ, 2011ರ ದಕ್ಷಿಣ ಏಷ್ಯಾ ಚಳಿಗಾಲದ ಕೂಟಕ್ಕಾಗಿ ಡೆಹ್ರಾಡೂನ್‌ನಲ್ಲಿ ಕಟ್ಟಿದ ಒಳಾಂಗಣ. ದಕ್ಷಿಣದವರಿಗೆ ಸ್ಕೇಟಿಂಗ್ ಎಂದರೆ ಚಕ್ರದ ಸ್ಕೇಟಿಂಗೇ. ಬೆಳಗಾವಿಯ ಶಿವಗಂಗಾ ರೋಲರ್ ಸ್ಕೇಟಿಂಗ್ ಕ್ಲಬ್ಬಿನ ಮಕ್ಕಳು ದಾಖಲೆಗಳಿಂದಾಗಿ ಆಗಾಗ ಸುದ್ದಿಯಲ್ಲಿರುತ್ತಾರೆ. ಚಕ್ರದ ಮೇಲೂ ಹಾಡಿಗೆ ತಕ್ಕಂತೆ ಮಾಡುವ ‘ಆರ್ಟಿಸ್ಟಿಕ್’ ವಿಭಾಗವಿದೆ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಹೈದರಾಬಾದಿನ ಅನೂಪ್ ಕುಮಾರ್ ಯಾಮ ಒಬ್ಬರೇ ಒಂದು, ಅವನಿ ಪಾಂಚಾಲ್ ಜೊತೆ ಇನ್ನೊಂದು ಕಂಚು ಗೆದ್ದದ್ದು ಅದರಲ್ಲೇ. ಆದರೆ ಈ ಆಟಕ್ಕೆ ನಮ್ಮಲ್ಲಿ ಟಿ.ವಿ. ಇಲ್ಲ, ಪ್ರೇಕ್ಷಕರಿಲ್ಲ. ಪ್ರೇಕ್ಷಕರಿಲ್ಲದ ಆಟದಿಂದ ಸಿನಿಮಾ ಯಾರನ್ನೂ ಕರೆಯುವುದಿಲ್ಲ. ಹಾಗಾಗಿ ಕನ್ನಡ ನಾಡಿನ ಸೋನ್ಯಾ ಹೆನಿಯನ್ನು ಟ್ರ್ಯಾಕಿನಲ್ಲೋ ಷಟಲ್ ಕೋರ್ಟಿನಲ್ಲೋ ಹುಡುಕಬೇಕು.

ಅಶ್ವಿನಿ ನಾಚಪ್ಪ ಸಿನಿಮಾಕ್ಕೆ ಹೋದ ಹೊತ್ತನ್ನು ಗಮನಿಸಿ. 1982ರ ದೆಹಲಿ ಏಷ್ಯಾಡ್‌ನೊಂದಿಗೆ ದೂರದರ್ಶನಕ್ಕೆ ಬಣ್ಣ ಬಂತು. 1984ರ ಲಾಸ್ ಏಂಜಲೀಸ್‌ನಲ್ಲಿ ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡದ್ದು, 1986ರ ಸೋಲ್‌ನಲ್ಲಿ ನಾಲ್ಕು ಚಿನ್ನ ಗೆದ್ದದ್ದು ಇಡೀ ದೇಶಕ್ಕೆ ಬಾಯಿಪಾಠವಾಯಿತು. ಓಡುವ ಹೆಣ್ಣುಮಕ್ಕಳಿಗೆ ಮೊದಲ ಸಲ ಮುಖ ಬಂತು, ಅಭಿಮಾನಿಗಳು ಹುಟ್ಟಿದರು. 1988ರಲ್ಲಿ ಅಮೆರಿಕದ ಫ್ಲೋರೆನ್ಸ್ ಗ್ರಿಫಿತ್ ಜಾಯ್ನರ್, ಅಂದರೆ ‘ಫ್ಲೋ-ಜೋ’, 100 ಮೀಟರನ್ನು 10.49 ಸೆಕೆಂಡಿನಲ್ಲಿ, 200 ಮೀಟರನ್ನು 21.34 ಸೆಕೆಂಡಿನಲ್ಲಿ ಓಡಿ ಜಗತ್ತನ್ನೇ ಬೆರಗುಗೊಳಿಸಿದರು. ಬಣ್ಣದ ಉಗುರು, ಬಗೆಬಗೆಯ ಓಟದ ಉಡುಪು, ಹಾರುವ ಕೂದಲು. ಓಟವೂ ಒಂದು ಪ್ರದರ್ಶನ ಎಂದು ತೋರಿಸಿಕೊಟ್ಟವರು ಆಕೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಪಳಗಿದ, ನಮ್ಮಂತೆಯೇ ಕಾಫಿ ಸೀಮೆಯ ಎತ್ತರದ ಹುಡುಗಿಯಲ್ಲಿ ಪತ್ರಿಕೆಗಳು ಆಕೆಯ ಹೋಲಿಕೆ ಕಂಡವು. ಸಿನಿಮಾದವರ ಕಣ್ಣು ಬೀಳಲು ಇಷ್ಟು ಸಾಕಿತ್ತು.

ಕಾಸಿನ ಮಾತೂ ಇದೆ. ಆ ಕಾಲದಲ್ಲಿ ನಮ್ಮ ಅಥ್ಲೀಟುಗಳಿಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ ಬ್ಯಾಂಕು, ರೈಲ್ವೆಯ ಕ್ರೀಡಾ ಕೋಟಾದಲ್ಲಿ ಒಂದು ಕೆಲಸ. ಪ್ರಾಯೋಜಕರೆಲ್ಲ ಕ್ರಿಕೆಟ್ಟಿನ ಬಾಗಿಲಲ್ಲಿ. ವೇಗದ ಓಟಗಾರ್ತಿಯ ಕಾಲುಗಳಿಗೆ ಇಪ್ಪತ್ತರ ಹರೆಯ ಕಳೆಯುತ್ತಿದ್ದಂತೆ ವಯಸ್ಸಾಗುತ್ತದೆ. ಹೀಗಿರುವಾಗ ತೆಲುಗು ಚಿತ್ರರಂಗ ಬಂದು ಕದ ತಟ್ಟಿದರೆ ಬೇಡ ಎನ್ನುವವರು ಯಾರು?

‘ಅಶ್ವಿನಿ’ ಗೆದ್ದದ್ದು ಅದರ ನಾಯಕಿ ನಟಿಸಬೇಕಾದದ್ದು ಕಡಿಮೆಯಿದ್ದುದರಿಂದ. ಓಟಗಾರ್ತಿ ಓಟಗಾರ್ತಿಯಾಗಿಯೇ ಬಂದಿದ್ದರು. ಸಾಮಾನ್ಯ ನಾಯಕಿ ಓಡಿದರೆ ಎರಡೇ ಹೆಜ್ಜೆಗೆ ಸುಳ್ಳು ಗೊತ್ತಾಗುತ್ತದೆ, ಇಲ್ಲಿ ಆ ಭಯವಿರಲಿಲ್ಲ. ಆಮೇಲೆ 1993ರಲ್ಲಿ ‘ಇನ್‌ಸ್ಪೆಕ್ಟರ್ ಅಶ್ವಿನಿ’, 1995ರಲ್ಲಿ ‘ಮಿಸ್ 420’. ಎರಡನೇ ಚಿತ್ರದ ಶೀರ್ಷಿಕೆಯಲ್ಲೂ ಅವರ ಹೆಸರೇ ಇದೆ ಎಂಬುದನ್ನು ನೋಡಿ. ಸಿನಿಮಾಕ್ಕೆ ಬೇಕಿದ್ದದ್ದು ಟ್ರ್ಯಾಕಿನ ಆ ಹೆಸರು ಮತ್ತು ಆ ಮೈಕಟ್ಟು. ಕೆಲವೇ ಚಿತ್ರಗಳ ನಂತರ ಅವರು ಅಲ್ಲಿಂದ ಹೊರಟರು.

ಹೊರಟು ಎಲ್ಲಿಗೆ ಹೋದರು ಎಂಬುದೇ ಅವರ ಕಥೆಯ ತೂಕದ ಭಾಗ. ಹಾಕಿ ಆಟಗಾರರಾಗಿದ್ದ ಪತಿ ದತ್ತ ಕರುಂಬಯ್ಯ ಅವರೊಂದಿಗೆ ಕೊಡಗಿಗೆ ಮರಳಿ, ಗೋಣಿಕೊಪ್ಪದಲ್ಲಿ ‘ಕಾಲ್ಸ್’ ಎಂದೇ ಜನ ಕರೆಯುವ ಕರುಂಬಯ್ಯ ಅಕಾಡೆಮಿ ಕಟ್ಟಿದರು. ಪಾಠದಷ್ಟೇ ಆಟಕ್ಕೂ ಬೆಲೆ ಕೊಡುವ ಶಾಲೆ ಅದು. ಕ್ಲೀನ್ ಸ್ಪೋರ್ಟ್ಸ್ ಇಂಡಿಯಾ ಎಂಬ ಸಂಘಟನೆಯ ಮುಂಚೂಣಿಯಲ್ಲಿ ನಿಂತು ಕ್ರೀಡಾ ಸಂಸ್ಥೆಗಳ ಆಡಳಿತ ನೆಟ್ಟಗಾಗಬೇಕೆಂದು ದನಿ ಎತ್ತಿದರು. ಕುಟುಂಬ ಕುಟುಂಬಗಳ ನಡುವೆ ಹಾಕಿ ಆಡುವ, 1997ರಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಕೊಡವ ಹಾಕಿ ಹಬ್ಬವನ್ನು ಇಂದಿಗೂ ನಡೆಸಿಕೊಂಡು ಬಂದಿರುವ ಜಿಲ್ಲೆ ಅದು. ಅಲ್ಲಿ ಅವರಿಗೆ ಓಟ ಮತ್ತೆ ಕೆಲಸಕ್ಕೆ ಬಂತು. ಸಿನಿಮಾ ಅವರ ಬದುಕಿನ ನಡುವಿನ ಒಂದು ಅಧ್ಯಾಯ, ಅಷ್ಟೆ. ಹಾಗಂದುಕೊಂಡರೆ ಕೆಲವೇ ಚಿತ್ರ ಮಾಡಿದ್ದು ಸೋಲಾಗಿ ಕಾಣುವುದಿಲ್ಲ.

ಅದೇ ಕೊಡಗಿನ ಪ್ರೇಮಾ ಓದುವ ದಿನಗಳಲ್ಲಿ ಎತ್ತರ ಜಿಗಿತ, ವಾಲಿಬಾಲ್ ಆಡಿದವರು. 1995ರಲ್ಲಿ ‘ಸವ್ಯಸಾಚಿ’ಯಿಂದ ಬಂದು ಅದೇ ವರ್ಷ ‘ಓಂ’ನಲ್ಲಿ ಗೆದ್ದಾಗ ಅವರನ್ನು ಯಾರೂ ಜಿಗಿತಗಾರ್ತಿಯಾಗಿ ನೋಡಲಿಲ್ಲ, ಅವರೂ ಹಾಗೆ ತೋರಿಸಿಕೊಳ್ಳಲಿಲ್ಲ. ಜನರಿಗೆ ಮುಂಚಿತವಾಗಿ ಗೊತ್ತಿರುವ ಹೆಸರು ಇಲ್ಲದಿದ್ದುದೇ ಅವರಿಗೆ ಅನುಕೂಲವಾಯಿತು.

ಈ ಮಾತಿಗೆ ದೊಡ್ಡ ಪುರಾವೆ ದೀಪಿಕಾ ಪಡುಕೋಣೆ. ಅವರ ಅಪ್ಪ ಪ್ರಕಾಶ್ ಪಡುಕೋಣೆ ಹುಡುಗನಾಗಿದ್ದಾಗ ಬೆಂಗಳೂರಿನಲ್ಲಿ ಸರಿಯಾದ ಬ್ಯಾಡ್ಮಿಂಟನ್ ಕೋರ್ಟುಗಳೇ ಇರಲಿಲ್ಲ. ಮಲ್ಲೇಶ್ವರದ ಕೆನರಾ ಯೂನಿಯನ್‌ನ ಸಭಾಂಗಣವೇ ಕೋರ್ಟು. ಅಲ್ಲಿ ಮದುವೆ ಇದ್ದರೆ ಆಟಕ್ಕೆ ರಜೆ. ಅಲ್ಲಿಂದ ಹೊರಟ ಅವರು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಕೋಪನ್‌ಹೇಗನ್ನಿನಲ್ಲಿ ನೆಲೆಸಿದ್ದಾಗ, 1986ರಲ್ಲಿ, ದೀಪಿಕಾ ಹುಟ್ಟಿದರು. ಬೆಂಗಳೂರಿನಲ್ಲಿ ಬೆಳೆದ ಹುಡುಗಿ ರಾಷ್ಟ್ರಮಟ್ಟದವರೆಗೆ ಬ್ಯಾಡ್ಮಿಂಟನ್ ಆಡಿದಳು. ಬೆಳಗಿನ ಐದಕ್ಕೆ ಎದ್ದು ಕಸರತ್ತು, ಆಮೇಲೆ ಶಾಲೆ, ಸಂಜೆ ಮತ್ತೆ ಕೋರ್ಟು, ಹೋಂವರ್ಕ್, ನಿದ್ದೆ; ಬಾಲ್ಯವೆಂದರೆ ಇಷ್ಟೇ ಆಗಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಆಡುತ್ತಿರುವುದು ಮನೆಯ ದಾರಿ, ತನ್ನ ದಾರಿಯಲ್ಲ ಎಂಬುದು ಗೊತ್ತಾದಾಗ ಅಪ್ಪನಿಗೆ ಹೇಳಿ ಬಿಟ್ಟರು. ಇಷ್ಟು ದೊಡ್ಡ ಆಟಗಾರ ಮಗಳನ್ನು ತಡೆಯಲಿಲ್ಲ ಎಂಬುದನ್ನೂ ಬರೆದಿಡಬೇಕು.

ಆಮೇಲಿನದು ಹಂತಹಂತದ ಕಲಿಕೆ. ಫ್ಯಾಷನ್ ಲೋಕದ ಪ್ರಸಾದ್ ಬಿದ್ದಪ್ಪ ಅವರ ಕೈಯಲ್ಲಿ ಮಾಡೆಲಿಂಗ್, ಅನುಪಮ್ ಖೇರ್ ಅವರ ಶಾಲೆಯಲ್ಲಿ ನಟನೆಯ ಪಾಠ. 2006ರಲ್ಲಿ ಮೊದಲ ಚಿತ್ರ, ಅದೂ ಕನ್ನಡದಲ್ಲಿ: ಇಂದ್ರಜಿತ್ ಲಂಕೇಶ್ ನಿರ್ದೇಶನದ ‘ಐಶ್ವರ್ಯ’, ಉಪೇಂದ್ರ ನಾಯಕ. ಮರುವರ್ಷ ಹಿಂದಿಯ ‘ಓಂ ಶಾಂತಿ ಓಂ’. ಆ ಚಿತ್ರ ಗೆದ್ದು ದೇಶವೆಲ್ಲ ಕುಣಿದರೂ ಪರದೆಯ ಮೇಲೆ ಕೇಳಿದ ದನಿ ಅವರದಾಗಿರಲಿಲ್ಲ, ಡಬ್ಬಿಂಗ್ ಕಲಾವಿದೆಯದು. ಆಟ ದನಿಯನ್ನು ಕಲಿಸುವುದಿಲ್ಲ ಎಂದೆನಲ್ಲ, ಅದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ 2013ರ ‘ಚೆನ್ನೈ ಎಕ್ಸ್‌ಪ್ರೆಸ್’ ಹೊತ್ತಿಗೆ ತಮಿಳು ಒತ್ತಿನ ಹಿಂದಿಯನ್ನೇ ನಗೆಯ ಸರಕು ಮಾಡಿಕೊಂಡು ತಮ್ಮ ದನಿಯಲ್ಲಿ ಜನರನ್ನು ನಗಿಸಿದರು. 2015ರ ‘ಪೀಕು’ವಿನಲ್ಲಿ ಅಪ್ಪನ ಮಲಬದ್ಧತೆಯ ಗೋಳು ಕೇಳಿ ಕೇಳಿ ಸಾಕಾದ ಬಂಗಾಳಿ ಮಗಳಾದರು. ಅದರ ಕೊನೆಯ ದೃಶ್ಯದಲ್ಲಿ ಪೀಕು ಮನೆಯಂಗಳದಲ್ಲಿ ಇರ್ಫಾನ್ ಖಾನ್ ಪಾತ್ರದೊಂದಿಗೆ ಬ್ಯಾಡ್ಮಿಂಟನ್ ಆಡುತ್ತಾಳೆ. ರಾಷ್ಟ್ರಮಟ್ಟದ ಆಟಗಾರ್ತಿ ಹೊತ್ತು ಕಳೆಯಲು ಷಟಲ್ ಹೊಡೆಯುವ ಸಾಮಾನ್ಯ ಹುಡುಗಿಯಾಗಿ ನಟಿಸುತ್ತಾರೆ. ರಾಕೆಟ್ ಹಿಡಿದರೂ ಅಲ್ಲಿ ಕಾಣುವುದು ಪೀಕುವೇ.

ಅದೇ 2015ರಲ್ಲಿ ಅವರು ತಮ್ಮ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತನಾಡಿ, ಮಾನಸಿಕ ಆರೋಗ್ಯಕ್ಕಾಗಿ ‘ಲಿವ್ ಲವ್ ಲಾಫ್’ ಪ್ರತಿಷ್ಠಾನ ಶುರುಮಾಡಿದರು. ನೋವು ಮುಚ್ಚಿಡು ಎಂದು ಕಲಿಸುವ ಆಟದ ಮನೆಯಲ್ಲಿ ಬೆಳೆದವರು ದೇಶದ ಎದುರು ನೋವು ಬಿಚ್ಚಿಟ್ಟದ್ದು ಸಣ್ಣ ಮಾತಲ್ಲ.

ಕ್ಯಾಮೆರಾದ ಕೆಲಸವೆಂದರೆ ಸಿನಿಮಾ ಒಂದೇ ಅಲ್ಲ ಎಂಬುದನ್ನೂ ನೆನಪಿಡಬೇಕು. ನಮ್ಮದೇ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 2017ರಲ್ಲಿ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ ಆಡಿದವರು. ಈಗ ಕಾಮೆಂಟರಿಯಲ್ಲಿ ಅವರ ದನಿ ಕೇಳುತ್ತೇವೆ. ಆ ಕೆಲಸದಲ್ಲಿ ಆಟದ ತಿಳಿವೇ ಬಂಡವಾಳ, ಬಳಸಿದಷ್ಟೂ ಅದು ಬೆಳೆಯುತ್ತದೆ. 1998ರಲ್ಲಿ 15ರ ವಯಸ್ಸಿಗೇ ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕದ ಸ್ಕೇಟರ್ ಟಾರಾ ಲಿಪಿನ್‌ಸ್ಕಿ ಧಾರಾವಾಹಿ, ಸಿನಿಮಾ ಎಂದು ಓಡಾಡಿ ಕೊನೆಗೆ ಗಟ್ಟಿಯಾಗಿ ನೆಲೆ ನಿಂತದ್ದು ಸ್ಕೇಟಿಂಗಿನ ಕಾಮೆಂಟರಿಯಲ್ಲಿ. ಅಂದಹಾಗೆ, ಈಗ ಆ ವಯಸ್ಸಿನವರು ಹಿರಿಯರ ಸ್ಪರ್ಧೆಗೆ ಇಳಿಯುವಂತೆಯೇ ಇಲ್ಲ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ರಷ್ಯಾದ 15 ವರ್ಷದ ಕಮಿಲಾ ವಲಿಯೆವಾ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಸಿಲುಕಿ ಕಣ್ಣೀರಿಟ್ಟದ್ದನ್ನು ಜಗತ್ತು ನೋಡಿದ ಮೇಲೆ ಕನಿಷ್ಠ ವಯಸ್ಸನ್ನು 17ಕ್ಕೆ ಏರಿಸಿದ್ದಾರೆ. ಮಿರುಗುವ ಬಟ್ಟೆಯ ಹಿಂದೆ ಮಗುವೊಂದು ಎಷ್ಟು ಭಾರ ಹೊರುತ್ತದೆ ಎಂದು ರೀಲ್‌ನಲ್ಲಿ ಕಾಣುವುದಿಲ್ಲ.

ಈಗ ಅಪ್ಪ-ಅಮ್ಮಂದಿರ ಪ್ರಶ್ನೆಗೆ ಉತ್ತರ. ಮಗಳನ್ನು ಸ್ಕೇಟಿಂಗಿಗೆ ಸೇರಿಸಿ, ಓಟಕ್ಕೂ ಬಿಡಿ. ಆದರೆ ಸಿನಿಮಾದ ಮೆಟ್ಟಿಲು ಎಂದುಕೊಂಡು ಸೇರಿಸಬೇಡಿ. ಆಟ ಪರದೆಯ ತನಕ ಕರೆದೊಯ್ಯಬೇಕಾದರೆ ಅದರಲ್ಲಿ ದೇಶದ ಮೊದಲ ಸಾಲಿಗೆ ಬರಬೇಕು. ಬಂದರೂ ಆ ಹೆಸರು ಒಂದೆರಡು ಚಿತ್ರಕ್ಕಷ್ಟೇ ಸಾಲುತ್ತದೆ. ನಟನೆಯ ಹುಚ್ಚು ನಿಜವಾಗಿಯೂ ಇದ್ದರೆ ಪ್ರತಿಭಾ ಕಾರಂಜಿಯ ದಿನವನ್ನು ಕ್ರೀಡಾಕೂಟದ ದಿನದಷ್ಟೇ ಗಂಭೀರವಾಗಿ ತೆಗೆದುಕೊಳ್ಳಲಿ. ಗಟ್ಟಿಯಾಗಿ ಓದುವುದನ್ನು, ನಾಟಕದಲ್ಲಿ ಮಾತು ಒಪ್ಪಿಸುವುದನ್ನು ಕಲಿಯಲಿ. ಡಿಗ್ರಿ ಮುಗಿದ ಮೇಲೂ ಹುಚ್ಚು ಇಳಿಯದಿದ್ದರೆ ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ಅದು ನಮ್ಮ ಮಲೆನಾಡಿನಲ್ಲೇ ಇದೆ. ಅಲ್ಲಿ ನೀನು ಎಷ್ಟು ಪದಕ ಗೆದ್ದಿದ್ದೀ ಎಂದು ಯಾರೂ ಕೇಳುವುದಿಲ್ಲ. ಕೇಳುವುದು ಮತ್ತೆ ಮೊದಲಿನಿಂದ ಕಲಿಯಲು ತಯಾರಿದ್ದೀಯಾ ಎಂದು. ಮೈದಾನದಲ್ಲಿ ನೂರು ಸಲ ಬಿದ್ದು ಎದ್ದ ಮಗುವಿಗೆ ಆ ಪ್ರಶ್ನೆ ಹೊಸದಲ್ಲ. ಆಟದಿಂದ ನಟನೆಗೆ ಒಯ್ಯಬೇಕಾದ ಗಂಟು ಇದೊಂದೇ, ಮತ್ತು ಇದನ್ನು ಗಳಿಸಲು ಒಲಿಂಪಿಕ್ಸ್‌ಗೇ ಹೋಗಬೇಕೆಂದಿಲ್ಲ. ವಸ್ತಾರೆ ಹೋಬಳಿಯ ಕ್ರೀಡಾಕೂಟದಲ್ಲೂ ಅದು ಸಿಗುತ್ತದೆ.